ನೂಲಿನ ಲೆಕ್ಕ, ಕಣ್ಣಿನ ಲೆಕ್ಕ

ಲಡಿಯಾಗಿ ತೂಗುಹಾಕಿದಾಗ ಬಹುವರ್ಣದ ಉಲ್ಲನ್ ಎಂಥವರನ್ನೂ ನಿಲ್ಲಿಸಿ ನೋಡಿಸುತ್ತದೆ. ನೀಲಿಯ ಪಕ್ಕ ನೇರಳೆ, ನೇರಳೆಯ ಬೆನ್ನಿಗೇ ಸಾಸಿವೆ ಹಳದಿ, ನಡುವೆ ಒಂದು ಗೇಣು ಕೆಂಪು, ಮತ್ತೆ ನೀಲಿ. ಆಸೆಪಟ್ಟು ಅದನ್ನೇ ತಂದು ಕುತ್ತಿಗೆಗೊಂದು ಕೌಲ್ ಹೆಣೆಯಲು ಕೂತರೆ, ನಾಲ್ಕು ಬೆರಳು ಎತ್ತರ ಏರುವಷ್ಟರಲ್ಲಿ ಏನೋ ಎಡವಟ್ಟಾಗಿರುವುದು ಗೊತ್ತಾಗುತ್ತದೆ. ಹಳದಿಯೆಲ್ಲ ಒಂದೇ ಮಗ್ಗುಲಲ್ಲಿ ಗುಡ್ಡೆ ಬಿದ್ದಿರುತ್ತದೆ. ಕೆಂಪು ಓರೆ ಪಟ್ಟೆಯಾಗಿ ಸುತ್ತಿಕೊಂಡು ಮೇಲೇರುತ್ತಿರುತ್ತದೆ. ಎಣಿಸಿ ಎಣಿಸಿ ಹಾಕಿದ ಹೆಣಿಗೆಯ ನಮೂನೆ, ಅದರ ಉಬ್ಬು-ತಗ್ಗು, ಈ ಬಣ್ಣಗಳ ಗದ್ದಲದಲ್ಲಿ ಎಲ್ಲಿ ಹೋಯಿತೆಂದು ಹುಡುಕಬೇಕಾಗುತ್ತದೆ.

ಕೌಲ್ ಎಂದರೆ ಎರಡು ತುದಿ ಕೂಡಿಸಿದ ಮಫ್ಲರ್ ಅಂದುಕೊಳ್ಳಬಹುದು. ತಲೆಯ ಮೇಲಿಂದ ಇಳಿಸಿ ಕೊರಳಿಗೆ ಹಾಕಿಕೊಳ್ಳುವ ಉಡುಪು. ತೋಳಿಲ್ಲ, ಕಂಕುಳಿನ ಅಳತೆಯಿಲ್ಲ, ಗುಂಡಿ-ಕಾಜಾ ಇಲ್ಲ. ದುಂಡು ಕಡ್ಡಿಯ ಮೇಲೆ ಸುತ್ತಿಗೆ ಸುತ್ತು ಹೆಣೆಯುತ್ತ ಹೋದರೆ ಮುಗಿಯಿತು. ಇಷ್ಟು ಸರಳವಾದದ್ದರಲ್ಲಿ ಎಡವಟ್ಟಾಗುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ. ಬಣ್ಣ ಗುಡ್ಡೆ ಬೀಳುವುದು ನೂಲಿನ ಉದ್ದಕ್ಕೆ ಸಂಬಂಧಪಟ್ಟ ಗಣಿತ. ನಮೂನೆ ಮಾಯವಾಗುವುದು ಮನುಷ್ಯನ ಕಣ್ಣು ಮತ್ತು ಮಿದುಳಿಗೆ ಸಂಬಂಧಪಟ್ಟ ಜೀವವಿಜ್ಞಾನ. ಹೆಣಿಗೆಯ ಉಬ್ಬು-ತಗ್ಗನ್ನು ಬರೀ ಅಲಂಕಾರವೆಂದು ನೋಡುವವರೇ ಹೆಚ್ಚು. ನಿಜವೆಂದರೆ ಈ ಎರಡೂ ಲೆಕ್ಕಗಳನ್ನು ಒಟ್ಟಿಗೆ ತಿದ್ದಬಲ್ಲ ಹಿಡಿಕೆ ಅದೊಂದೇ.

ನೂಲಿನಿಂದಲೇ ಶುರುಮಾಡೋಣ. ನಮ್ಮ ಅಂಗಡಿಗಳಲ್ಲಿ ಶೇಡೆಡ್ ಎಂದು ಕೇಳಿದರೆ ಸಿಗುವ ಉಲ್ಲನ್ ಬಹುಪಾಲು ಅಕ್ರಿಲಿಕ್. ಅದಕ್ಕೆ ಗಿರಣಿಯಲ್ಲೇ ಬಣ್ಣ ಬಿದ್ದಿರುತ್ತದೆ. ಕೈಯಲ್ಲಿ ಬಣ್ಣ ಹಾಕುವವರು ನಿಜವಾದ ಉಣ್ಣೆಯ ಲಡಿಯನ್ನು ಉದ್ದಕ್ಕೆ ಹರಡಿ, ಒಂದು ಭಾಗಕ್ಕೆ ನೀಲಿ, ಇನ್ನೊಂದಕ್ಕೆ ಕೆಂಪು ಎಂದು ಸುರಿಯುತ್ತಾರೆ. ಜೊತೆಗೆ ವಿನಿಗರ್ ಅಥವಾ ಸಿಟ್ರಿಕ್ ಆಮ್ಲ, ಮೇಲೆ ಬಿಸಿ ಹಬೆ. ಉಣ್ಣೆ ಕೆರಾಟಿನ್ ಎಂಬ ಪ್ರೋಟೀನು. ಆಮ್ಲ ತಗುಲಿದಾಗ ಅದರ ಅಮೈನೊ ಗುಂಪುಗಳು ಧನ ವಿದ್ಯುದಂಶ ಪಡೆಯುತ್ತವೆ, ಋಣ ವಿದ್ಯುದಂಶದ ಬಣ್ಣದ ಅಣುಗಳು ಹೋಗಿ ಅವಕ್ಕೆ ಅಂಟಿಕೊಳ್ಳುತ್ತವೆ. ಲಡಿಯನ್ನು ಪಾತ್ರೆಯಲ್ಲಿ ಮುಳುಗಿಸಿ ಬಣ್ಣ ಹಾಕುವಾಗ ಇದು ಕಣ್ಣಿಗೇ ಕಾಣುತ್ತದೆ: ಕಡು ಕೆಂಪಾಗಿದ್ದ ನೀರು ನಿಧಾನಕ್ಕೆ ತಿಳಿಯಾಗುತ್ತಾ ಬಂದು, ಕೊನೆಗೆ ಪಾತ್ರೆಯ ತಳ ಕಾಣುವಷ್ಟು ಸ್ವಚ್ಛವಾಗುತ್ತದೆ. ಬಣ್ಣವಷ್ಟೂ ನೂಲಿಗೆ ಏರಿರುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಲಡಿಯ ಸುತ್ತಳತೆ. ಲಡಿ ಎಂದರೆ ಒಂದೇ ಉದ್ದದ ಸುತ್ತುಗಳ ರಾಶಿ. ಅದರ ಒಂದು ಪಾರ್ಶ್ವಕ್ಕೆ ಕೆಂಪು ಹಾಕಿದರೆ, ನೂಲನ್ನು ಬಿಚ್ಚಿದಾಗ ಪ್ರತಿ ಸುತ್ತಿಗೊಮ್ಮೆ ಕೆಂಪು ಬಂದೇ ಬರುತ್ತದೆ. ಸುತ್ತಳತೆ 160 ಸೆಂಟಿಮೀಟರ್ ಇದ್ದರೆ ಬಣ್ಣಗಳ ಸರದಿಯೂ 160 ಸೆಂಟಿಮೀಟರಿಗೊಮ್ಮೆ ಮರುಕಳಿಸುತ್ತದೆ. ನೋಡುವುದಕ್ಕೆ ಅಡ್ಡಾದಿಡ್ಡಿ ಅನ್ನಿಸುವ ಬಣ್ಣಗಳ ಹಿಂದೆ ಗಡಿಯಾರದಷ್ಟು ಕರಾರುವಾಕ್ಕಾದ ಆವರ್ತನೆ ಇರುತ್ತದೆ.

ಈಗ ಇದನ್ನು ಹೆಣೆಯಬೇಕು. 5 ಮಿಲಿಮೀಟರ್ ಕಡ್ಡಿ, ಮಧ್ಯಮ ದಪ್ಪದ ನೂಲು, 10 ಸೆಂಟಿಮೀಟರ್ ಅಗಲಕ್ಕೆ 18 ಕುಣಿಕೆ. ಒಂದು ಕುಣಿಕೆ ಐದೂವರೆ ಮಿಲಿಮೀಟರ್ ಅಗಲ. ಆದರೆ ಏರಿ, ಬಾಗಿ, ಇಳಿದು ಬರುವುದರಿಂದ ಅದು ನುಂಗುವ ನೂಲು ಸುಮಾರು ಅದರ ಮೂರು ಪಟ್ಟು, 1.6 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಹಾಗಿದ್ದರೆ ಬಣ್ಣದ ಒಂದು ಆವರ್ತನೆಗೆ ಸರಿಯಾಗಿ 100 ಕುಣಿಕೆ. ಕೌಲ್‌ನ ಸುತ್ತಿನಲ್ಲೂ 100 ಕುಣಿಕೆಗಳೇ ಇದ್ದುಬಿಟ್ಟರೆ ಪ್ರತಿ ಸುತ್ತಿನಲ್ಲೂ ಕೆಂಪಿನ ಮೇಲೆ ಕೆಂಪು, ನೀಲಿಯ ಮೇಲೆ ನೀಲಿ ಬಂದು ಕೂರುತ್ತದೆ. ಕೌಲ್ ತುಂಬ ನೆಟ್ಟಗಿನ ಕಂಬಗಳು.

98 ಕುಣಿಕೆ ಹಾಕಿದರೆ? ಹೆಣಿಗೆ ಬಲದಿಂದ ಎಡಕ್ಕೆ ಸಾಗುತ್ತದೆ. ಮುಂದಿನ ಸುತ್ತಿನ ಕೆಂಪು ಎರಡು ಕುಣಿಕೆ ತಡವಾಗಿ ಬರುತ್ತದೆ, ಅಂದರೆ ಎರಡು ಕುಣಿಕೆ ಎಡಕ್ಕೆ. ಕಂಬ ಎಡಕ್ಕೆ ವಾಲುತ್ತದೆ. 102 ಹಾಕಿದರೆ ಬಲಕ್ಕೆ. 150 ಹಾಕಿದರೆ ಕೆಂಪು ಒಮ್ಮೆ ಒಂದು ಜಾಗ, ಮತ್ತೊಮ್ಮೆ ಇನ್ನೊಂದು ಜಾಗ ಎಂದು ಜಿಗಿದಾಡಿ, ಎರಡು ಸುತ್ತಿಗೊಮ್ಮೆ ಹಳೆಯ ಜಾಗಕ್ಕೆ ವಾಪಸು ಬರುತ್ತದೆ. ಗಣಿತದವರು ಇದನ್ನು ಶೇಷಗಳ ಲೆಕ್ಕ ಎನ್ನುತ್ತಾರೆ. ಶನಿವಾರದ ನೂರು ದಿನಗಳ ನಂತರ ಯಾವ ವಾರ ಎಂದು ಕಂಡುಹಿಡಿಯುವುದೂ ಇದೇ ಲೆಕ್ಕ.

ಲೆಕ್ಕ ಎಷ್ಟು ಸೂಕ್ಷ್ಮ ಎಂಬುದನ್ನೂ ನೋಡಬೇಕು. ಹೆಣೆಯುವವರ ಕೈ ಕೊಂಚ ಸಡಿಲವಾಗಿ, ಕುಣಿಕೆಗೆ 1.6ರ ಬದಲು 1.63 ಸೆಂಟಿಮೀಟರ್ ನೂಲು ಹೋಯಿತು ಎಂದುಕೊಳ್ಳಿ. ವ್ಯತ್ಯಾಸ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಆದರೆ ನೂರು ಕುಣಿಕೆಗಳಲ್ಲಿ ಅದು 3 ಸೆಂಟಿಮೀಟರಾಗುತ್ತದೆ, ಬಣ್ಣದ ಆವರ್ತನೆ 98 ಕುಣಿಕೆಗೇ ಮುಗಿಯುತ್ತದೆ, ನೆಟ್ಟಗಿದ್ದ ಕಂಬ ಬಲಕ್ಕೆ ವಾಲತೊಡಗುತ್ತದೆ. ಕೈ ಬಿಗಿಯಾದರೆ ಎಡಕ್ಕೆ. ಬೆಳಿಗ್ಗೆ ನಿರಾಳವಾಗಿ ಹೆಣೆದ ಭಾಗಕ್ಕೂ ಸಂಜೆ ಟೀವಿಯ ಸುದ್ದಿ ಕೇಳುತ್ತ ಬಿಗಿಯಾಗಿ ಹೆಣೆದ ಭಾಗಕ್ಕೂ ಇರುವ ಅಂತರ ಬಣ್ಣದ ಪಟ್ಟೆಯ ವಾಲಿಕೆಯಲ್ಲಿ ಬರೆದಿಟ್ಟಂತೆ ಉಳಿದುಬಿಡುತ್ತದೆ. ಕೈಯ ಬಿಗಿತವನ್ನು ಇಷ್ಟು ನಿಖರವಾಗಿ ಅಳೆದು ತೋರಿಸುವ ಉಪಕರಣ ಹೆಣಿಗೆಯವರ ಬುಟ್ಟಿಯಲ್ಲಿ ಬೇರೊಂದಿಲ್ಲ.

ಹಾಗಾದರೆ ಉಬ್ಬು-ತಗ್ಗು ಎಲ್ಲಿ ಬರುತ್ತದೆ? ಅದಕ್ಕೆ ಕುಣಿಕೆಯೊಳಗೇ ಇಣುಕಬೇಕು.

ನೇಯ್ದ ಬಟ್ಟೆಯಲ್ಲಿ ಹಾಸು-ಹೊಕ್ಕು ಎಂದು ಎರಡು ನೂಲುಗಳಿರುತ್ತವೆ. ಹೆಣಿಗೆಯಲ್ಲಿ ಇರುವುದು ಒಂದೇ ನೂಲು. ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಎಳೆಯುತ್ತ ಹೋಗುವುದಷ್ಟೇ ಕೆಲಸ. ಎಲ್ಲೂ ನಿಜವಾದ ಗಂಟಿಲ್ಲ. ತುದಿ ಹಿಡಿದೆಳೆದರೆ ಇಡೀ ಕೌಲ್ ಬಿಚ್ಚಿಕೊಂಡು ಮತ್ತೆ ನೂಲಾಗುವುದು ಇದಕ್ಕೇ. ಆ ಕುಣಿಕೆಯನ್ನು ಹಿಂದಿನಿಂದ ಮುಂದಕ್ಕೆ ಎಳೆದರೆ ಸೀದಾ, ಮುಂದಿನಿಂದ ಹಿಂದಕ್ಕೆ ಎಳೆದರೆ ಉಲ್ಟಾ. ಎರಡೂ ಒಂದೇ ಕುಣಿಕೆಯ ಎರಡು ಮುಖಗಳು. ಮುಂಭಾಗದಲ್ಲಿ ನಯವಾದ ವಿ ಆಕಾರ ಕಂಡರೆ, ಹಿಂಭಾಗದಲ್ಲಿ ಅಡ್ಡಡ್ಡ ಉಬ್ಬು ಕಾಣುತ್ತದೆ. ಸೀದಾ ಬಹಳ ಹಳೆಯದು, ಉಲ್ಟಾದ ಸಾಕ್ಷಿ ಸಿಗುವುದು ತಡವಾಗಿ. ಅಂಥ ಹಳೆಯ ಸಾಕ್ಷಿಗಳಲ್ಲೊಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿದೆ: 1562ರಲ್ಲಿ ತೀರಿಕೊಂಡ ಡಚೆಸ್ ಎಲಿಯನೋರಾ ಡಿ ಟೊಲೆಡೊಳ ಸಮಾಧಿಯಲ್ಲಿ ಸಿಕ್ಕ ರೇಷ್ಮೆಯ ಕಾಲುಚೀಲ, ಅದರ ಮೇಲೆ ಉಲ್ಟಾ ಕುಣಿಕೆಗಳಲ್ಲಿ ಮೂಡಿಸಿದ ನಮೂನೆ.

ನೂಲು ಸ್ವತಃ ಹೆಚ್ಚು ಹಿಗ್ಗುವುದಿಲ್ಲ, ಆದರೂ ಹೆಣೆದ ಬಟ್ಟೆ ಹಿಗ್ಗುತ್ತದೆ. ಏಕೆ? ಫ್ರಾನ್ಸಿನಲ್ಲಿ ಭೌತವಿಜ್ಞಾನಿಗಳಾದ ಸ್ಯಾಮುಯೆಲ್ ಪ್ವಾಂಕ್ಲೂ, ಮೊಖ್ತಾರ್ ಅದ್ದಾ-ಬೆದಿಯಾ ಮತ್ತು ಫ್ರೆಡೆರಿಕ್ ಲೆಶನೊ 2018ರಲ್ಲಿ ಇದಕ್ಕೊಂದು ಅಚ್ಚುಕಟ್ಟಾದ ಉತ್ತರ ಕೊಟ್ಟರು. ಅವರು ಹಿಡಿದ ಅಂಶಗಳು ಮೂರೇ: ನೂಲಿನ ಉದ್ದ ಬದಲಾಗದು, ನೂಲನ್ನು ಬಾಗಿಸಲು ಶಕ್ತಿ ಬೇಕು, ಕುಣಿಕೆಗಳು ಒಂದಕ್ಕೊಂದು ಸಿಕ್ಕಿಕೊಂಡ ಕ್ರಮ ಬದಲಾಗದು. ಇಷ್ಟರಿಂದಲೇ ಬಟ್ಟೆ ಎಳೆದಾಗ ತಾಳುವ ರೂಪವನ್ನು ಲೆಕ್ಕ ಹಾಕಲು ಸಾಧ್ಯವಾಯಿತು. ಅಡ್ಡಕ್ಕೆ ಎಳೆದಾಗ ಕುಣಿಕೆಯ ಎತ್ತರದಲ್ಲಿದ್ದ ನೂಲು ಅಗಲಕ್ಕೆ ಜಾರುತ್ತದೆ. ಅದಕ್ಕೇ ಹಿಗ್ಗಿಸಿದ ಕೌಲ್ ಗಿಡ್ಡವಾಗುತ್ತದೆ.

ಬಾಗಿದ ನೂಲು ನೆಟ್ಟಗಾಗಲು ಹವಣಿಸುತ್ತಲೇ ಇರುತ್ತದೆ ಎಂಬುದು ಇಲ್ಲಿನ ಕೀಲಿ. ಬರೀ ಸೀದಾ ಹೆಣಿಗೆಯಲ್ಲಿ ಎಲ್ಲ ಕುಣಿಕೆಗಳೂ ಒಂದೇ ದಿಕ್ಕಿಗೆ ಬಾಗಿರುವುದರಿಂದ ಅವುಗಳ ಹಟ ಒಟ್ಟುಗೂಡಿ ಬಟ್ಟೆಯ ಅಂಚು ಸುರುಳಿಯಾಗುತ್ತದೆ. ಪಕ್ಕದ ಅಂಚುಗಳು ಹಿಂದಕ್ಕೆ, ಮೇಲಿನ-ಕೆಳಗಿನ ಅಂಚುಗಳು ಮುಂದಕ್ಕೆ. ಕೌಲ್‌ಗೆ ಪಕ್ಕದ ಅಂಚೇ ಇಲ್ಲ, ಮೇಲೆ ಮತ್ತು ಕೆಳಗೆ ಮಾತ್ರ. ಪೂರ್ತಿ ಸೀದಾ ಹೆಣೆದ ಕೌಲ್ ಕೊರಳಲ್ಲಿ ಹೊರಕ್ಕೆ ಮಡಚಿಕೊಳ್ಳುತ್ತ ಕೂರುವುದು ಇದರಿಂದ. ಸೀದಾ-ಉಲ್ಟಾ ಬೆರೆಸಿದರೆ ಎರಡು ದಿಕ್ಕಿನ ಹಟಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಎರಡು ಸೀದಾ ಎರಡು ಉಲ್ಟಾ ಎಂದು ಕಂಬಸಾಲು ಹಾಕಿದರೆ, ಸೀದಾ ಕಂಬಗಳು ಮುಂದೆ ಬಂದು ಉಲ್ಟಾ ಕಂಬಗಳು ಹಿಂದೆ ಸರಿಯುತ್ತವೆ, ಬಟ್ಟೆ ಅಡ್ಡಕ್ಕೆ ನೆರಿಗೆಗಟ್ಟುತ್ತದೆ. ಒಂದು ಸುತ್ತು ಸೀದಾ, ಒಂದು ಸುತ್ತು ಉಲ್ಟಾ ಹಾಕಿದರೆ ಆಟ ತಿರುಗುಮುರುಗು: ಈಗ ಉಲ್ಟಾ ಸಾಲುಗಳು ಮುಂದೆ, ಸೀದಾ ಸಾಲುಗಳು ಹಿಂದೆ, ನೆರಿಗೆ ಎತ್ತರದ ದಿಕ್ಕಿಗೆ. ಕುಣಿಕೆ ಬಿಟ್ಟು ಕುಣಿಕೆ ಅದಲುಬದಲು ಮಾಡಿದರೆ ಕಾಳುಕಾಳಾದ, ಸಪಾಟಾಗಿ ಕೂರುವ ಬಟ್ಟೆ.

ಅಟ್ಲಾಂಟಾದ ಜಾರ್ಜಿಯಾ ಟೆಕ್‌ನಲ್ಲಿರುವ ಭೌತವಿಜ್ಞಾನಿ ಎಲಿಸಬೆಟ್ಟಾ ಮಾಟ್ಸುಮೊಟೊ ಸ್ವತಃ ಹೆಣಿಗೆ ಬಲ್ಲವರು. ಅವರ ತಂಡ ಈ ನಾಲ್ಕೂ ಬಗೆಗಳನ್ನು, ಅಂದರೆ ಬರೀ ಸೀದಾ, ಅಡ್ಡಸಾಲು, ಕಂಬಸಾಲು ಮತ್ತು ಕಾಳುಹೆಣಿಗೆಯನ್ನು, ಎಳೆದು ಅಳೆದು, ಕಂಪ್ಯೂಟರ್ ಮಾದರಿಗಳ ಜೊತೆ ಹೋಲಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿತು. ನೂಲು ಅದೇ, ಸೀದಾ-ಉಲ್ಟಾಗಳ ಜೋಡಣೆ ಮಾತ್ರ ಬೇರೆ. ಅಷ್ಟಕ್ಕೇ ಬಟ್ಟೆ ಯಾವ ದಿಕ್ಕಿಗೆ ಎಷ್ಟು ಸುಲಭವಾಗಿ ಹಿಗ್ಗುತ್ತದೆಂಬುದು ಬದಲಾಗುತ್ತದೆ. ಅಜ್ಜಿಯರ ಕೈಗೆ ಗೊತ್ತಿದ್ದ ವಿಷಯ ಸಮೀಕರಣಕ್ಕೆ ಸಿಕ್ಕಿದ್ದು ಇಷ್ಟು ಇತ್ತೀಚೆಗೆ ಎಂಬುದು ಆಶ್ಚರ್ಯವೇ. ತಲೆಯ ಮೇಲಿಂದ ಇಳಿಯುವಷ್ಟು ಹಿಗ್ಗಿ, ಕೊರಳಿಗೆ ಬಂದೊಡನೆ ಕುಗ್ಗಬೇಕಾದ ಕೌಲ್‌ಗೆ ಕಂಬಸಾಲು ಒಗ್ಗುವುದು ಈ ಯಂತ್ರಶಾಸ್ತ್ರದಿಂದ.

ಇನ್ನು ಬಣ್ಣದ ಕಡೆಗೆ ಮರಳಬಹುದು. ಕಡ್ಡಿಯ ಮೇಲಿನ ಕುಣಿಕೆ ನೀಲಿ, ಈಗ ಎಳೆಯುತ್ತಿರುವ ನೂಲು ಕೆಂಪು ಎಂದುಕೊಳ್ಳಿ. ಸೀದಾ ಹೆಣೆದರೆ ಕೆಂಪು ವಿ ಒಂದು ನೀಲಿಯ ಮೇಲೆ ಅಚ್ಚುಕಟ್ಟಾಗಿ ನಿಲ್ಲುತ್ತದೆ, ಗೆರೆ ಕೊರೆದ ಹಾಗೆ ಬಣ್ಣಗಳು ಬೇರೆಯಾಗುತ್ತವೆ. ಉಲ್ಟಾ ಹೆಣೆದರೆ ಹಳೆಯ ನೀಲಿ ಕುಣಿಕೆಯ ನೆತ್ತಿ ಎದುರಿಗೆ ಬಂದು, ಕೆಂಪಿನ ನಡುವೆ ನೀಲಿ ಚುಕ್ಕೆಯಾಗಿ ಕೂರುತ್ತದೆ. ಒಂದೊಂದು ಉಲ್ಟಾ ಕುಣಿಕೆಯೂ ಎರಡು ಬಣ್ಣಗಳ ಗಡಿಯನ್ನು ಒಡೆದು ಹಲ್ಲುಹಲ್ಲಾಗಿಸುತ್ತದೆ. ಕಾಳುಹೆಣಿಗೆಯಲ್ಲಿ ಗುಡ್ಡೆ ಬಿದ್ದ ಬಣ್ಣದ ಅಂಚು ಮೆದುವಾಗುವುದು ಹೀಗೆ.

ಇದಕ್ಕಿಂತ ಬಲವಾದ ಉಪಾಯ ಕುಣಿಕೆ ಜಾರಿಸುವುದು. ಒಂದು ಕುಣಿಕೆ ಹೆಣೆಯುವುದು, ಪಕ್ಕದ್ದನ್ನು ಹೆಣೆಯದೆ ನೂಲನ್ನು ಮುಂದಿಟ್ಟು ಹಾಗೇ ದಾಟಿಸುವುದು, ಮುಂದಿನ ಸುತ್ತಿನಲ್ಲಿ ಅದಲುಬದಲು. ನೋಡಲು ನೇಯ್ದ ಬಟ್ಟೆಯಂತೆ ಕಾಣುವ ಇದರ ಹಿಂದಿನ ಲೆಕ್ಕ ಸೊಗಸಾಗಿದೆ. ಹೆಣೆದ ಕುಣಿಕೆಗೆ 1.6 ಸೆಂಟಿಮೀಟರ್ ನೂಲು ಬೇಕಾದರೆ, ದಾಟಿಸಿದ ಕುಣಿಕೆಯ ಮುಂದೆ ಹಾಯುವ ನೂಲು ಅದರ ಅಗಲದಷ್ಟೇ, ಅರ್ಧ ಸೆಂಟಿಮೀಟರಿನ ಆಸುಪಾಸು. ಸರಾಸರಿ 1.05 ಸೆಂಟಿಮೀಟರ್. ಈಗ 160 ಸೆಂಟಿಮೀಟರಿನ ಬಣ್ಣದ ಆವರ್ತನೆ 152 ಕುಣಿಕೆಗಳವರೆಗೆ ಹರಡುತ್ತದೆ. ನೂರು ಕುಣಿಕೆಯ ಅದೇ ಕೌಲ್‌ನಲ್ಲಿ ಕೆಂಪು ಶುರುವಾಗುವ ಜಾಗ ಎದೆಯ ಕಡೆಯಿಂದ ಬೆನ್ನ ಕಡೆಗೆ ಹಾರುತ್ತದೆ. ಕಂಬ ಕಟ್ಟಿಕೊಳ್ಳುವುದಕ್ಕೆ ಅವಕಾಶವೇ ಇಲ್ಲ. ಮೇಲಾಗಿ, ದಾಟಿಸಿದ ಕುಣಿಕೆ ಹಿಂದಿನ ಸುತ್ತಿನ ಬಣ್ಣವನ್ನು ಈ ಸುತ್ತಿನ ಎತ್ತರಕ್ಕೂ ಎಳೆದು ತರುತ್ತದೆ. ಕುಣಿಕೆಗಳ ಸಂಖ್ಯೆ ಬದಲಿಸದೆ, ಉಲ್ಲನ್ ಬದಲಿಸದೆ, ನಮೂನೆ ಒಂದರಿಂದಲೇ ಬಣ್ಣದ ಹಂಚಿಕೆ ಪೂರ್ತಿ ಬೇರೆಯಾಯಿತು. ಬೆಲೆ ತೆರಬೇಕಾದ್ದು ಹಿಗ್ಗುವ ಗುಣದಲ್ಲಿ. ಅಡ್ಡ ಹಾಯುವ ನೂಲುಗಳು ಬಟ್ಟೆಯನ್ನು ಬಿಗಿಯುತ್ತವೆ. ಹಾಗಾಗಿ ಇಂಥ ಕೌಲನ್ನು ಸ್ವಲ್ಪ ದೊಡ್ಡ ಸುತ್ತಿನಲ್ಲೇ ಆರಂಭಿಸುವುದು ಒಳ್ಳೆಯದು.

ಎರಡನೆಯ ಲೆಕ್ಕ ಕಣ್ಣಿನದು. ಉಬ್ಬು ಉಬ್ಬಾಗಿ ಕಾಣುವುದು ಅದರ ಒಂದು ಪಕ್ಕ ಬೆಳಕು, ಇನ್ನೊಂದು ಪಕ್ಕ ನೆರಳು ಬಿದ್ದಾಗ. ಅಂದರೆ ಆಕಾರವನ್ನು ಮಿದುಳು ಗ್ರಹಿಸುವುದು ಮುಖ್ಯವಾಗಿ ಬೆಳಕಿನ ಏರಿಳಿತದಿಂದ, ಬಣ್ಣದಿಂದಲ್ಲ. ಸೂಕ್ಷ್ಮ ವಿವರಗಳನ್ನು ಹಿಡಿಯುವುದರಲ್ಲೂ ಕಣ್ಣಿನ ಬೆಳಕು-ನೆರಳಿನ ವ್ಯವಸ್ಥೆ ಚುರುಕು, ಬಣ್ಣದ ವ್ಯವಸ್ಥೆ ಮಂದ. ಅಮೆರಿಕದಲ್ಲಿ 1953ರಲ್ಲಿ ಬಣ್ಣದ ಟೀವಿಯ ಮಾನಕ ಗೊತ್ತುಮಾಡಿದ ಎಂಜಿನಿಯರುಗಳು ಇದನ್ನು ಬಳಸಿಕೊಂಡೇ ಬಣ್ಣದ ಸಂಕೇತಕ್ಕೆ ಕಡಿಮೆ ಜಾಗ, ಬೆಳಕಿನ ಸಂಕೇತಕ್ಕೆ ಹೆಚ್ಚು ಜಾಗ ಕೊಟ್ಟರು. ನೋಡುಗರಿಗೆ ಕೊರತೆ ಗೊತ್ತಾಗಲಿಲ್ಲ. ಮೊಬೈಲಿನಲ್ಲಿ ಫೋಟೊ ಕುಗ್ಗಿಸುವ ತಂತ್ರವೂ ಬಣ್ಣದ ವಿವರಗಳನ್ನೇ ಮೊದಲು ಕೈಬಿಡುತ್ತದೆ.

ಹಾರ್ವರ್ಡಿನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಈ ಎರಡು ವ್ಯವಸ್ಥೆಗಳ ವಿವರಣೆಗೆ ಕ್ಲಾಡ್ ಮೊನೆಯ 1872ರ ಸೂರ್ಯೋದಯದ ಚಿತ್ರವನ್ನು ಆರಿಸಿಕೊಂಡರು. ಬೂದು-ನೀಲಿ ಮಂಜಿನ ನಡುವೆ ಕಿತ್ತಳೆ ಬಣ್ಣದ ಸೂರ್ಯ ಕೆಂಡದಂತೆ ಹೊಳೆಯುತ್ತಾನೆ. ಅದೇ ಚಿತ್ರದ ಕಪ್ಪು-ಬಿಳುಪು ಪ್ರತಿಯಲ್ಲಿ ಸೂರ್ಯ ಬಹುಮಟ್ಟಿಗೆ ಮಾಯ. ಬಣ್ಣ ಬೇರೆಯಾದರೂ ಮಂಜು ಮತ್ತು ಸೂರ್ಯನ ಬೆಳಕಿನ ಮಟ್ಟ ಹೆಚ್ಚುಕಡಿಮೆ ಒಂದೇ.

ಉಲ್ಲನ್ ಅಂಗಡಿಯಲ್ಲಿ ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಲಡಿಯ ಫೋಟೊ ತೆಗೆದು ಮೊಬೈಲಿನಲ್ಲೇ ಕಪ್ಪು-ಬಿಳುಪು ಮಾಡಿ ನೋಡುವುದು. ನೀಲಿ, ನೇರಳೆ, ಹಸಿರು ಎಲ್ಲವೂ ಒಂದೇ ಬೂದು ಬಣ್ಣವಾಗಿ ಕಂಡರೆ ಆ ನೂಲಿನಲ್ಲಿ ಉಬ್ಬು-ತಗ್ಗು ಚೆನ್ನಾಗಿ ಏಳುತ್ತದೆ, ಏಕೆಂದರೆ ಬೆಳಕು-ನೆರಳಿನ ಕಾಲುವೆ ಪೂರ್ತಿ ಹೆಣಿಗೆಗೆ ಬಿಟ್ಟುಕೊಟ್ಟಂತಾಯಿತು. ಕಡುನೀಲಿ, ಬಿಳಿ, ಹಳದಿ ಬೆರೆತ ನೂಲು ಕಪ್ಪು-ಬಿಳುಪಿನಲ್ಲೂ ಪಟ್ಟೆಪಟ್ಟೆಯಾಗೇ ಉಳಿಯುತ್ತದೆ. ಅದರ ಬಿಳಿ-ಕಪ್ಪಿನ ಜಿಗಿತದ ಮುಂದೆ ಒಂದು ಪುಟ್ಟ ಕುಣಿಕೆಯ ನೆರಳಿಗೆ ದನಿಯೇ ಇಲ್ಲ. ಅಂಥ ನೂಲಿನಲ್ಲಿ ಸೂಕ್ಷ್ಮ ನಮೂನೆ ಹಾಕುವುದು ಶ್ರಮದ ವ್ಯರ್ಥ. ಜಾರಿಸುವ ಹೆಣಿಗೆಯೋ ಅಗಲವಾದ ಕಂಬಸಾಲೋ ಸಾಕು.

ಬಣ್ಣದ ತುಂಡಿನ ಉದ್ದಕ್ಕೂ ಮಾತಿದೆ. ಒಂದೊಂದು ಬಣ್ಣ 40 ಸೆಂಟಿಮೀಟರ್ ಇದ್ದರೆ ಅದು 25 ಕುಣಿಕೆ ತುಂಬುತ್ತದೆ. ನಾಲ್ಕು ಕುಣಿಕೆಗೊಮ್ಮೆ ಮರುಕಳಿಸುವ ನಮೂನೆ ಅದರೊಳಗೆ ಆರು ಬಾರಿ ಬಂದು ತನ್ನನ್ನು ಗುರುತಿಸಿಕೊಳ್ಳುತ್ತದೆ. ಬಣ್ಣ ಮೂರು ಕುಣಿಕೆಗೊಮ್ಮೆ ಬದಲಾಗುತ್ತಿದ್ದರೆ ಎರಡರ ಅಳತೆಯೂ ಹೆಚ್ಚುಕಡಿಮೆ ಒಂದೇ ಆಗಿ, ಯಾವುದು ನೆರಳು ಯಾವುದು ಬಣ್ಣ ಎಂದು ಕಣ್ಣು ಬೇರ್ಪಡಿಸಲಾರದು.

ಬಣ್ಣಗಳನ್ನು ತೀರಾ ನುಣ್ಣಗೆ ಒಡೆದರೂ ಅಪಾಯವೇ. ಪ್ಯಾರಿಸ್ಸಿನ ಪ್ರಸಿದ್ಧ ಗೋಬ್ಲಾಂ ಚಿತ್ರಪಟ ಕಾರ್ಖಾನೆಯ ಬಣ್ಣಗಾರಿಕೆಯ ಮುಖ್ಯಸ್ಥರಾಗಿದ್ದ ರಸಾಯನವಿಜ್ಞಾನಿ ಮಿಶೆಲ್ ಯುಜೆನ್ ಶೆವ್ರಲ್ ಅವರಿಗೆ ಕಪ್ಪು ನೂಲು ಕಳೆಗುಂದಿದೆ ಎಂಬ ದೂರು ಬಂದಿತ್ತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿಲ್ಲ. ಪಕ್ಕದಲ್ಲಿದ್ದ ನೀಲಿ-ನೇರಳೆಗಳು ಕಪ್ಪನ್ನು ಕಳೆಗೆಡಿಸಿದ್ದವು. ಆ ಜಾಡು ಹಿಡಿದು ಅವರು 1839ರಲ್ಲಿ ಬಣ್ಣಗಳ ಪರಸ್ಪರ ಪ್ರಭಾವದ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು. ಕೆಂಪು-ಹಸಿರಿನಂಥ ವಿರುದ್ಧ ಬಣ್ಣಗಳು ದೊಡ್ಡ ತುಂಡುಗಳಾಗಿ ಪಕ್ಕಪಕ್ಕ ಇದ್ದರೆ ಒಂದನ್ನೊಂದು ಬೆಳಗಿಸುತ್ತವೆ. ಚುಕ್ಕೆ ಚುಕ್ಕೆಯಾಗಿ ಬೆರೆತರೆ ನಾಲ್ಕು ಹೆಜ್ಜೆ ದೂರದಿಂದ ಮಣ್ಣುಬಣ್ಣ. ಕೆಂಪು-ಹಸಿರಿನ ಉಲ್ಲನ್ನಿಗೆ ಕಾಳುಹೆಣಿಗೆ ಹಾಕಿದವರು ಕೈಯಲ್ಲಿ ಹಿಡಿದಾಗ ಮೆಚ್ಚಿ, ಕನ್ನಡಿಯ ಮುಂದೆ ನಿಂತಾಗ ಬೇಸರಪಡುವುದು ಇದರಿಂದ.

ಲೆಕ್ಕಗಳೆರಡೂ ಸರಿಹೋದರೂ, ಹೆಣಿಗೆಯನ್ನು ವೃತ್ತವಾಗಿ ಕೂಡಿಸುವಾಗ ಕಡ್ಡಿಯ ಮೇಲೆ ಮೊದಲ ಸಾಲು ತಿರುಚಿಕೊಂಡಿದೆಯೇ ಎಂದು ನೋಡಿಕೊಳ್ಳಬೇಕು. ತಿರುಚಿದ್ದರೆ ಕೌಲ್‌ನಲ್ಲಿ ಪೂರ್ತಿ 360 ಡಿಗ್ರಿಯ ತಿರುವು ಶಾಶ್ವತವಾಗುತ್ತದೆ, ಎಷ್ಟು ಸುತ್ತು ಹೆಣೆದರೂ ಹೋಗದು, ಬಿಚ್ಚುವುದೊಂದೇ ದಾರಿ. ಇದು ಮೋಬಿಯಸ್ ಪಟ್ಟಿಯಲ್ಲ. ಅದಕ್ಕೆ ಬೇಕಾದ್ದು 180 ಡಿಗ್ರಿಯ ಅರೆತಿರುವು. ಒಂದೇ ಮುಖ, ಒಂದೇ ಅಂಚು ಇರುವ ಮೋಬಿಯಸ್ ಕೌಲನ್ನು ಬೇಕೆಂದೇ ಹೆಣೆಯುವವರಿದ್ದಾರೆ. ಅಮೆರಿಕದ ಹೆಣಿಗೆಗಾರ್ತಿ ಕ್ಯಾಟ್ ಬೋರ್ಡಿ ಅದಕ್ಕಾಗಿ ಕುಣಿಕೆ ಹಾಕುವ ಬೇರೆಯೇ ವಿಧಾನವನ್ನು ಜನಪ್ರಿಯಗೊಳಿಸಿದರು.

ನೂಲು ಆರಿಸುವಾಗ ಬಣ್ಣದ ಜೊತೆಗೆ ಎಳೆಯ ದಪ್ಪವನ್ನೂ ನೋಡಬೇಕು, ಏಕೆಂದರೆ ಕೊರಳಿನ ಚರ್ಮ ನಾಜೂಕು. ಉಣ್ಣೆಯ ಎಳೆಯ ತುದಿ ಸುಮಾರು 30 ಮೈಕ್ರಾನಿಗಿಂತ ದಪ್ಪವಿದ್ದರೆ ಚರ್ಮಕ್ಕೆ ತಾಗಿದಾಗ ಬಾಗುವ ಬದಲು ಚುಚ್ಚುತ್ತದೆ, ಅದಕ್ಕಿಂತ ಸಪೂರವಾದದ್ದು ಬಾಗಿ ಸುಮ್ಮನಾಗುತ್ತದೆ. ಮೆರಿನೊ ಕುರಿಯ ಎಳೆ 24 ಮೈಕ್ರಾನಿನ ಒಳಗೇ ಇರುವುದರಿಂದ ಕೌಲ್‌ಗಳಿಗೆ ಅದಕ್ಕೇ ಬೇಡಿಕೆ. ಚಳ್ಳಕೆರೆಯ ಕಂಬಳಿಗೆ ಬಳಸುವ ದಖನಿ ಕುರಿಯ ಉಣ್ಣೆ ಇದಕ್ಕಿಂತ ಬಹಳ ಒರಟು. ಬೆನ್ನಿಗೆ ಹೊದೆಯಲು ಗಟ್ಟಿಮುಟ್ಟು, ಬರಿಗೊರಳಿಗೆ ಆಗದು.

ಹೆಣೆದು ಮುಗಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಉಣ್ಣೆಯ ಕೌಲನ್ನು ನೀರಲ್ಲಿ ನೆನೆಸಿ, ಹಿಂಡದೆ ಒತ್ತಿ, ಬೇಕಾದ ಅಳತೆಗೆ ಹರಡಿ ಒಣಗಿಸಬೇಕು. ನೀರು ಕೆರಾಟಿನ್ ಸರಪಣಿಗಳ ನಡುವಿನ ಹೈಡ್ರೋಜನ್ ಬಂಧಗಳನ್ನು ಸಡಿಲಿಸುತ್ತದೆ, ಒಣಗುವಾಗ ಅವು ಹೊಸ ಆಕಾರದಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಮುಂದಿನ ಸಲ ಒಗೆದಾಗ ಮತ್ತೆ ಸಡಿಲ, ಆದ್ದರಿಂದ ಪ್ರತಿ ಒಗೆತಕ್ಕೂ ಹರಡಿ ಒಣಗಿಸುವ ಕೆಲಸ ತಪ್ಪದು. ಕಂಬಸಾಲನ್ನು ಮಾತ್ರ ಅಗಲಕ್ಕೆ ಎಳೆದು ಒಣಗಿಸಬಾರದು, ನೆರಿಗೆ ಚಪ್ಪಟೆಯಾಗಿ ಕುಗ್ಗುವ ಗುಣ ಕಳೆದುಕೊಳ್ಳುತ್ತದೆ. ಅಕ್ರಿಲಿಕ್ ಆದರೆ ನೀರಿನಿಂದ ಏನೂ ಆಗದು, ಅದರ ಆಕಾರ ಬದಲಿಸುವುದು ಬಿಸಿ. ಹಬೆ ಇಸ್ತ್ರಿಯನ್ನು ಬಟ್ಟೆಗೆ ಒತ್ತಿದರೆ ಎಳೆಗಳು ಮೆತ್ತಗಾಗಿ, ಉಬ್ಬುಗಳು ಕೂತುಹೋಗಿ, ತಣ್ಣಗಾದ ಮೇಲೆ ಹಾಗೇ ಉಳಿಯುತ್ತವೆ. ಉಣ್ಣೆಯನ್ನು ಮತ್ತೆ ನೆನೆಸಿ ಸರಿಪಡಿಸಿಕೊಳ್ಳಬಹುದು. ಅಕ್ರಿಲಿಕ್‌ಗೆ ಆ ಅವಕಾಶವಿಲ್ಲದ್ದರಿಂದ, ಹಬೆ ಹಿಡಿಯಲೇಬೇಕೆಂದಿದ್ದರೆ ಇಸ್ತ್ರಿ ಬಟ್ಟೆಯಿಂದ ಒಂದೆರಡು ಅಂಗುಲ ಮೇಲೇ ಇರಬೇಕು.